ಕಥೆ ಹೇಳುವ ಚಪ್ಪಡಿ, ಕಥೆ ಹೇಳದ ಗೋಡೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಸೀಮೆಯು ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯಗಳಿಂದ ಸಮೃದ್ಧವಾಗಿದ್ದರೂ, ಬುದ್ಧನ ಜೀವನವನ್ನಾಗಲಿ ಆತನ ಪೂರ್ವಜನ್ಮದ ಕಥೆಗಳಾದ ಜಾತಕಗಳನ್ನಾಗಲಿ ಅಲ್ಲಿನ ಗೋಡೆಗಳಲ್ಲಿ ಹುಡುಕುವವರಿಗೆ ನಿರಾಸೆಯೇ ಗತಿ. ಹಾಗೆಂದು ಬೌದ್ಧಧರ್ಮವು ಈ ಭಾಗಕ್ಕೆ ಅಪರಿಚಿತವಾಗಿತ್ತೆನ್ನುವಂತಿಲ್ಲ. ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದ್ದರೆ, ತುಂಗಭದ್ರೆಯ ಆಚೆಗಿನ ಡಂಬಳದ 1095ರ ಶಾಸನವು ಬೌದ್ಧ ವಿಹಾರವನ್ನೂ ಬೌದ್ಧ ದೇವತೆಯಾದ ತಾರಾದೇವಿಯನ್ನೂ ಸ್ಮರಿಸುತ್ತದೆ.

ಬುದ್ಧಕಥೆಗಳ ಈ ಅಭಾವಕ್ಕೆ ದೇವಾಲಯಗಳ ಶೈವ, ವೈಷ್ಣವ ನಿಷ್ಠೆಯಷ್ಟೇ ಅಲ್ಲದೆ ಶಿಲ್ಪವಿನ್ಯಾಸವೂ ಕಾರಣವೆನ್ನಬೇಕು. ಇದೇ ಸೀಮೆಯ ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿ ಕಂಬಗಳ ಕುಸುರಿಗೂ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದಲ್ಲಿ ಮದನಿಕೆ, ಎಂದರೆ ಕಂಬದ ಮೇಲ್ಭಾಗದಿಂದ ಓರೆಯಾಗಿ ಚಾಚಿಕೊಳ್ಳುವ ಸ್ತ್ರೀವಿಗ್ರಹಕ್ಕೂ ಶಿಲ್ಪಿಯ ಶ್ರಮ ಮೀಸಲಾಗಿದೆ. ಬಳ್ಳಿಗಳ ಹೆಣಿಗೆಯ ನಡುವೆ ಬಾಗಿ ನಿಂತ ಆ ಮದನಿಕೆ ತನ್ನಷ್ಟಕ್ಕೇ ಪೂರ್ಣಳು. ಹಿಂದಿನ ಘಟನೆಯನ್ನು ಮುಂದಿನದಕ್ಕೆ ಜೋಡಿಸುವ ಹೊಣೆ ಅವಳಿಗಿಲ್ಲ.

ಆ ಹೊಣೆಯನ್ನು ಹೊತ್ತ ಶಿಲ್ಪ ಕಲಬುರಗಿ ಜಿಲ್ಲೆಯ ಸನ್ನತಿಗೆ ಸಮೀಪದ ಕನಗನಹಳ್ಳಿಯಲ್ಲಿದೆ. ಅಲ್ಲಿನ ಮಹಾಚೈತ್ಯ, ಅಂದರೆ ಪೂಜಾರ್ಹವಾದ ಸ್ತೂಪದ ಸುತ್ತ ಜೋಡಿಸಿದ್ದ ಸುಣ್ಣಕಲ್ಲಿನ ಚಪ್ಪಡಿಗಳಲ್ಲಿ ಬುದ್ಧಚರಿತೆ, ಜಾತಕ ಹಾಗೂ ರಾಜರ ಚಿತ್ರಣಗಳಿದ್ದು, ಪ್ರದಕ್ಷಿಣೆಯ ಹೆಜ್ಜೆಯೊಂದಿಗೇ ನೋಟವೂ ಚಪ್ಪಡಿಯಿಂದ ಚಪ್ಪಡಿಗೆ ಸಾಗುತ್ತಿತ್ತು. ಒಂದರಲ್ಲಿ ಛತ್ರ, ಚಾಮರ ಹಿಡಿದ ಪರಿಚಾರಿಕೆಯರ ನಡುವೆ ರಾಜ ರಾಣಿಯೊಡನೆ ನಿಂತಿದ್ದಾನೆ. ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹವು ಅವನನ್ನು ಅಶೋಕನೆಂದು ಗುರುತಿಸುತ್ತದೆ. ಮತ್ತೊಂದರಲ್ಲಿ ಶಾತವಾಹನ ದೊರೆ ಸಾತಕಣಿ ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಾನೆ. ಪುರಾಣಸದೃಶ ಕಥೆಯನ್ನೂ ಐತಿಹಾಸಿಕ ದಾನವನ್ನೂ ಒಂದೇ ಸಾಲಿನಲ್ಲಿಟ್ಟು, ದಾನಿಯನ್ನೂ ಕಥೆಯ ಪಾತ್ರವಾಗಿಸಿದ್ದು ಈ ಕೃತಿಯ ದೊಡ್ಡ ಗುಣ. ಆದರೆ ಹೆಸರು ಬರೆದು ಗುರುತಿಸುವ ಕ್ರಮವು ಅರಸರನ್ನು ಚರಿತ್ರೆಗೆ ಉಳಿಸಿಕೊಟ್ಟರೂ ಅವರ ಮುಖಗಳಿಗೆ ವ್ಯಕ್ತಿವಿಶಿಷ್ಟತೆಯನ್ನು ತಂದಿಲ್ಲವೆಂಬುದು ಅದರ ಮಿತಿ.

ದೇವಾಲಯಗಳ ಈ ಸೀಮೆಯಲ್ಲಿ ಕುಳಿತ ಧ್ಯಾನಮೂರ್ತಿಗಳನ್ನೆಲ್ಲ ಬುದ್ಧನೆಂದು ಕರೆಯುವ ಅಭ್ಯಾಸಕ್ಕೆ ಕನಗನಹಳ್ಳಿಯೊಂದಿಗಿನ ಈ ಹೋಲಿಕೆ ಕಡಿವಾಣ ಹಾಕಬೇಕು. ಹಗರಿಬೊಮ್ಮನಹಳ್ಳಿ ಬಳಿಯ ಕೋಗಳಿ ಜೈನ ಕೇಂದ್ರವಾಗಿತ್ತೆಂಬುದನ್ನು ಮರೆತರೆ ಜಿನನೂ, ಎಂದರೆ ಜೈನ ತೀರ್ಥಂಕರನೂ, ಬುದ್ಧನಾಗಿಬಿಡುತ್ತಾನೆ. ಕಥನಶಕ್ತಿಯಲ್ಲಿ ಕನಗನಹಳ್ಳಿಯೂ ಬಿಡಿವಿಗ್ರಹದ ಸೊಬಗಿನಲ್ಲಿ ಕುರುವತ್ತಿಯೂ ಮೇಲು. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವುದು ಎರಡಕ್ಕೂ ಅನ್ಯಾಯ.