ಮೊದಲು ಕಾಗದ, ಆಮೇಲೆ ಪ್ರಿಂಟರ್

ಮನೆಗೊಂದು ಒಳ್ಳೆಯ ಫೋಟೊ ಪ್ರಿಂಟರ್ ತರಬೇಕು, ಯಾವುದು ತರಲಿ ಎಂದು ಕೇಳುವ ಗೆಳೆಯರಿಗೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಯಾವ ಕಾಗದದ ಮೇಲೆ ಮುದ್ರಿಸುತ್ತೀರಿ? ಹೆಚ್ಚಿನವರು ಅದನ್ನು ಯೋಚಿಸಿರುವುದಿಲ್ಲ. ಡಿಪಿಐ ಎಷ್ಟು, ಬಣ್ಣಗಳೆಷ್ಟು, ನಿಮಿಷಕ್ಕೆ ಎಷ್ಟು ಹಾಳೆ ಎಂಬುದೆಲ್ಲ ಬಾಯಿಪಾಠವಾಗಿರುತ್ತದೆ. ಹುಟ್ಟುಹಬ್ಬದ ಆಲ್ಬಮ್ಮಿಗೆ ಆ ಲೆಕ್ಕ ಸಾಕು. ಕಬಿನಿಯ ಆನೆಯನ್ನೋ ಹಂಪಿಯ ಬಂಡೆಗಳನ್ನೋ ಹತ್ತಿಯ ದಪ್ಪ ಕಾಗದಕ್ಕೆ ಇಳಿಸಿ, ಕಟ್ಟು ಹಾಕಿಸಿ, ಮಕ್ಕಳ ಕಾಲಕ್ಕೂ ಉಳಿಯುವಂತೆ ಗೋಡೆಗೆ ಹಾಕುವ ಆಸೆಯಿದ್ದರೆ ಲೆಕ್ಕವೇ ಬೇರೆ. ಅಲ್ಲಿ ಕಾಗದವೇ ಯಜಮಾನ. ಪ್ರಿಂಟರ್ ಅದಕ್ಕೆ ಹೊಂದಿಕೊಳ್ಳಬೇಕು.

ದಪ್ಪ ಎಂದರೆ ಎಷ್ಟು ದಪ್ಪ? ಕಚೇರಿಯ ಜೆರಾಕ್ಸ್ ಹಾಳೆ ಚದರ ಮೀಟರಿಗೆ 80 ಗ್ರಾಂ ತೂಗುತ್ತದೆ, ಅಂದರೆ 80 ಜಿಎಸ್‌ಎಂ. ಅದರ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಜರ್ಮನಿಯಲ್ಲಿ 1584ರಿಂದ ಕಾಗದ ಮಾಡುತ್ತ ಬಂದಿರುವ ಹಾನೆಮ್ಯೂಲೆ ಕಂಪನಿಯ ಫೋಟೊ ರ‍್ಯಾಗ್ 308 ಜಿಎಸ್‌ಎಂ ತೂಕದ್ದು, ಪೂರ್ತಿ ಹತ್ತಿಯದು, ದಪ್ಪ ಸುಮಾರು ಅರ್ಧ ಮಿಲಿಮೀಟರ್. ಫ್ರಾನ್ಸಿನ ಕ್ಯಾನ್ಸನ್ ಕಂಪನಿಯ ರ‍್ಯಾಗ್ ಫೋಟೊಗ್ರಾಫಿಕ್ 310 ಕೂಡ ಇದೇ ಜಾತಿಯದು. ಇಂಥ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮೇಲ್ಮೈಯ ನವಿರು ಕಾಣುತ್ತದೆ. ಕೈಯಲ್ಲಿ ಹಿಡಿದರೆ ಅದರ ತೂಕವೇ ಗೌರವ ಹುಟ್ಟಿಸುತ್ತದೆ. ಹೊಳಪಿಲ್ಲದ ಆ ಮೈಮೇಲೆ ಮಂಜು, ಮಣ್ಣು, ಕಲ್ಲು, ಮುದುಕರ ಮುಖದ ಸುಕ್ಕು ಕೂತುಕೊಳ್ಳುವ ಬಗೆ ಹೊಳಪಿನ ಕಾಗದದಲ್ಲಿ ಎಂದೂ ಬರುವುದಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಜಿಎಸ್‌ಎಂ ಹೇಳುವುದು ತೂಕವನ್ನು, ದಪ್ಪವನ್ನಲ್ಲ. ಒಂದೇ ತೂಕದ ಎರಡು ಹಾಳೆಗಳಲ್ಲಿ ಚೆನ್ನಾಗಿ ಒತ್ತಿ ನಯ ಮಾಡಿದ್ದು ತೆಳ್ಳಗೂ ಒರಟು ಮೈಯದ್ದು ದಪ್ಪಗೂ ಇರುತ್ತದೆ. ಪ್ರಿಂಟರಿನ ಒಳಗೆ ಸಿಕ್ಕಿಕೊಳ್ಳುವುದು ದಪ್ಪವೇ. ಆದ್ದರಿಂದ ಕಾಗದದ ಪೊಟ್ಟಣದ ಮೇಲೆ ಮಿಲಿಮೀಟರ್ ಅಥವಾ ಮೈಕ್ರಾನ್ ಎಷ್ಟೆಂದು ನೋಡಿ, ಪ್ರಿಂಟರಿನ ಕೈಪಿಡಿಯಲ್ಲಿ ಬರೆದಿರುವ ಮಿತಿಯೊಂದಿಗೆ ಹೋಲಿಸಬೇಕು.

ಮಿತಿಯಷ್ಟೇ ಮುಖ್ಯವಾದದ್ದು ದಾರಿ. ಮನೆಬಳಕೆಯ ಬಹಳಷ್ಟು ಪ್ರಿಂಟರುಗಳು ಕೆಳಗಿನ ಟ್ರೇಯಿಂದ ಹಾಳೆ ಎಳೆದು, ಒಳಗೇ ಅರ್ಧ ಸುತ್ತು ತಿರುಗಿಸಿ ಹೊರಗೆ ಬಿಡುತ್ತವೆ. ತೆಳುಹಾಳೆಗೆ ಅದು ಸುಲಭ. ಹತ್ತಿಯ ದಪ್ಪ ಹಾಳೆ ಹಾಗೆ ಬಾಗುವುದಿಲ್ಲ. ಬಾಗಿಸಿದರೆ ರೋಲರುಗಳ ಗುರುತು ಬೀಳುತ್ತದೆ, ಮೇಲಿನ ಲೇಪ ಬಿರುಕು ಬಿಡುತ್ತದೆ, ಅಂಚು ಮೇಲೆದ್ದು ಪ್ರಿಂಟ್ ಹೆಡ್ಡಿಗೆ ಉಜ್ಜುತ್ತದೆ. ಹಾಗೆ ಉಜ್ಜಿದಾಗ ಹಾಳೆಯ ಮೇಲೆ ಕಪ್ಪು ಗೀರು ಬೀಳುವುದಲ್ಲದೆ ಹೆಡ್ಡೇ ಕೆಡುವ ಅಪಾಯವಿದೆ. ಹಾಗಾಗಿ ಹಾಳೆ ನೇರವಾಗಿ ಹೋಗಿ ನೇರವಾಗಿ ಬರುವ ದಾರಿ ಇರಬೇಕು. ಹೆಡ್ಡಿಗೂ ಹಾಳೆಗೂ ನಡುವಿನ ಅಂತರವನ್ನು ಡ್ರೈವರಿನಲ್ಲಿ ಹೆಚ್ಚಿಸಿಕೊಳ್ಳುವ ಸೌಲಭ್ಯವೂ ಬೇಕು.

ಇಂಕ್‌ಜೆಟ್‌ನಲ್ಲಿ ಫೈನ್ ಆರ್ಟ್ ಮುದ್ರಣ ಶುರುವಾದದ್ದೇ ದಪ್ಪ ಕಾಗದಕ್ಕೆ ದಾರಿ ತೆರೆದದ್ದರಿಂದ. 1991ರಲ್ಲಿ ಸಂಗೀತಗಾರ ಗ್ರಹಾಂ ನ್ಯಾಶ್ ತಮ್ಮ ಛಾಯಾಚಿತ್ರಗಳಿಗಾಗಿ ಕ್ಯಾಲಿಫೋರ್ನಿಯಾದಲ್ಲಿ ನ್ಯಾಶ್ ಎಡಿಷನ್ಸ್ ಎಂಬ ಮುದ್ರಣಾಲಯ ತೆರೆದರು. ಅವರು ಬಳಸಿದ ಐರಿಸ್ 3047 ಯಂತ್ರ ಮೂಲತಃ ಅಚ್ಚುಕೂಟದವರು ಬಣ್ಣದ ಕರಡು ತೆಗೆಯಲೆಂದು ಮಾಡಿದ್ದು, ಬೆಲೆ ಒಂದು ಲಕ್ಷ ಡಾಲರಿಗೂ ಮೇಲೆ. ತಿರುಗುವ ದೊಡ್ಡ ಉರುಳೆಯ ಮೇಲೆ ಹಾಳೆಯನ್ನು ಸುತ್ತಿ ಶಾಯಿ ಸಿಂಪಡಿಸುತ್ತಿದ್ದುದರಿಂದ ಜಲವರ್ಣ ಚಿತ್ರಕಾರರ ದಪ್ಪ ಕಾಗದವೂ ಅದರಲ್ಲಿ ನಡೆಯುತ್ತಿತ್ತು. ಮುದ್ರಣ ಸೊಗಸಾಗಿತ್ತು, ಆದರೆ ಆಗಿನ ಶಾಯಿ ಬೆಳಕಿಗೆ ಬೇಗ ಮಾಸುತ್ತಿತ್ತು. ಆ ಯಂತ್ರ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಅಂದು ಅದು ಮಾಡುತ್ತಿದ್ದ ಕೆಲಸವನ್ನು, ಅದಕ್ಕಿಂತ ಬಾಳಿಕೆ ಬರುವಂತೆ, ಇಂದು ಮೇಜಿನ ಮೇಲಿಡುವ ಯಂತ್ರ ಮಾಡುತ್ತದೆ.

ಬಾಳಿಕೆ ಬಂದದ್ದು ಪಿಗ್ಮೆಂಟ್ ಶಾಯಿಯಿಂದ. ಡೈ ಶಾಯಿಯಲ್ಲಿ ಬಣ್ಣ ದ್ರವದಲ್ಲಿ ಪೂರ್ತಿ ಕರಗಿರುತ್ತದೆ. ಹೊಳಪಿನ ಕಾಗದದಲ್ಲಿ ಕಣ್ಣು ಕುಕ್ಕುವಂತೆ ಕಂಡರೂ ಬೆಳಕಿಗೂ ಗಾಳಿಯಲ್ಲಿರುವ ಓಜೋನಿಗೂ ಬೇಗ ಸೋಲುತ್ತದೆ. ಪಿಗ್ಮೆಂಟಿನಲ್ಲಿ ಬಣ್ಣದ ಅತಿಸೂಕ್ಷ್ಮ ಕಣಗಳು ಲೇಪದ ಮೇಲೆ ನೆಲೆಸಿ ಬಹುಕಾಲ ಉಳಿಯುತ್ತವೆ. ಇನ್ನೊಂದು ಮುಖ್ಯ ಅಂಶ ಕಪ್ಪು. ಹೊಳಪಿಲ್ಲದ ಮ್ಯಾಟ್ ಕಾಗದಕ್ಕೆ ಮ್ಯಾಟ್ ಬ್ಲ್ಯಾಕ್, ಹೊಳಪಿನದಕ್ಕೆ ಫೋಟೊ ಬ್ಲ್ಯಾಕ್, ಹೀಗೆ ಎರಡು ಕಪ್ಪು ಬೇಕು. ಎಪ್ಸನ್ ಕಂಪನಿಯ ಹಿಂದಿನ ಪಿ800 ಪ್ರಿಂಟರಿನಲ್ಲಿ ಇವೆರಡಕ್ಕೂ ಒಂದೇ ಕೊಳವೆಯಿದ್ದು, ಕಾಗದ ಬದಲಿಸಿದಾಗಲೆಲ್ಲ ಕಪ್ಪು ಶಾಯಿ ವ್ಯರ್ಥವಾಗುತ್ತಿತ್ತು. ಹಳೆಯ ಯಂತ್ರ ಕೊಳ್ಳುವವರು ಇದನ್ನು ನೆನಪಿಡಬೇಕು. ಬೂದುಬಣ್ಣದ ಶಾಯಿಗಳೂ ಇರಬೇಕು. ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್ ಅವರ ಕಪ್ಪು-ಬಿಳುಪು ವನ್ಯಜೀವಿ ಚಿತ್ರಗಳನ್ನು ನೋಡಿ ಬೆಳೆದ ನಾಡು ನಮ್ಮದು. ಬೂದು ಛಾಯೆಯಲ್ಲಿ ಹಸಿರೋ ನೇರಳೆಯೋ ಇಣುಕಿದರೆ ನಮ್ಮ ಕಣ್ಣು ಒಪ್ಪುವುದಿಲ್ಲ.

ಈಗ ಯಂತ್ರಗಳಿಗೆ ಬರೋಣ. 2020ರಲ್ಲಿ ಬಂದ ಎಪ್ಸನ್ ಶೂರ್‌ಕಲರ್ ಪಿ900 ಯಂತ್ರ 17 ಇಂಚು ಅಗಲದ ಹಾಳೆ, ಅಂದರೆ ಎ2 ಗಾತ್ರದವರೆಗೆ ಮುದ್ರಿಸುತ್ತದೆ. ಹತ್ತು ಪಿಗ್ಮೆಂಟ್ ಶಾಯಿ, ತಲಾ 50 ಮಿಲಿಲೀಟರ್. ಎರಡು ಕಪ್ಪಿಗೂ ಬೇರೆ ಬೇರೆ ನಾಜಲ್. ಮುಂಭಾಗದ ನೇರ ದಾರಿಯಲ್ಲಿ 1.5 ಮಿಲಿಮೀಟರ್ ದಪ್ಪದ ಬೋರ್ಡನ್ನೂ ಒಳಗೆ ಬಿಡಬಹುದು. ಬೋರ್ಡ್ ಹಿಂದಕ್ಕೆ ಚಾಚುವುದರಿಂದ ಯಂತ್ರದ ಹಿಂದೆ ಜಾಗ ಬಿಟ್ಟಿರಬೇಕು. ಇದರ ತಮ್ಮ ಪಿ700 ಅದೇ ಶಾಯಿಯ 13 ಇಂಚಿನ ಯಂತ್ರ. ಕಾರ್ಟ್ರಿಜ್ 25 ಮಿಲಿಲೀಟರಿನದು. ಹೆಚ್ಚು ಮುದ್ರಿಸುವವರಿಗೆ ಬೇಗ ಖಾಲಿಯಾಗುತ್ತದೆ.

ಕ್ಯಾನನ್ ಕಡೆಯಿಂದ 2015ರಲ್ಲಿ ಬಂದ ಇಮೇಜ್‌ಪ್ರೊಗ್ರಾಫ್ ಪ್ರೊ-1000, ಅದರ ಮುಂದಿನ ಪೀಳಿಗೆಯ ಪ್ರೊ-1100 ಇವೆ. ಎರಡೂ 17 ಇಂಚಿನವು, ಹನ್ನೆರಡು ಕಾರ್ಟ್ರಿಜ್, ತಲಾ 80 ಮಿಲಿಲೀಟರ್. ಪ್ರೊ-1000 ಯಂತ್ರ ಹಾಳೆಯನ್ನು ಗಾಳಿಯಿಂದ ಕೆಳಕ್ಕೆ ಹೀರಿ ಸಮತಟ್ಟಾಗಿ ಹಿಡಿದುಕೊಳ್ಳುತ್ತದೆ. ಅಂಚು ಸುರುಳಿಗೊಂಡ ದಪ್ಪ ಹಾಳೆಗೆ ಇದು ದೊಡ್ಡ ಉಪಕಾರ. ದಪ್ಪದ ಮಿತಿ 0.7 ಮಿಲಿಮೀಟರ್. ಹತ್ತಿ ಕಾಗದಗಳಲ್ಲಿ ಹೆಚ್ಚಿನವಕ್ಕೆ ಇದು ಸಾಕು, ಬೋರ್ಡಿಗೆ ಸಾಲದು. ತೂಕ ಸುಮಾರು 32 ಕಿಲೊ. ಪಿ900 ಅದರ ಅರ್ಧದಷ್ಟು. ಚಿಕ್ಕದು ಬೇಕೆಂದರೆ 13 ಇಂಚಿನ ಪ್ರೊ-300 ಇದೆ, ಆದರೆ ಅದರ ಕಾರ್ಟ್ರಿಜ್ಜಿನಲ್ಲಿರುವುದು 14.4 ಮಿಲಿಲೀಟರ್ ಮಾತ್ರ. ಮಾದರಿಯ ಸಂಖ್ಯೆ ದೇಶದಿಂದ ದೇಶಕ್ಕೆ ಸ್ವಲ್ಪ ಬದಲಾಗುವುದುಂಟು. ಅಂಗಡಿಯಲ್ಲಿ ಹೆಸರಿಗಿಂತ ಶಾಯಿಯ ಬಗೆಯನ್ನೂ ದಪ್ಪದ ಮಿತಿಯನ್ನೂ ಕೇಳಿ.

ಎಪ್ಸನ್, ಕ್ಯಾನನ್ ಇವೆರಡರ ನಡುವೆ ತೀರ್ಮಾನ ಮಾಡಬೇಕಾದದ್ದು ಕಾಗದವೇ. ಬರೈಟಾ ಎಂಬ ಅರೆಹೊಳಪಿನ ಕಾಗದ ಹಳೆಯ ಡಾರ್ಕ್‌ರೂಮ್ ಪ್ರಿಂಟಿನ ಸೊಗಸನ್ನು ನೆನಪಿಸುವಂಥದು. ಅದರ ಮೇಲೆ ಪಿಗ್ಮೆಂಟ್ ಶಾಯಿ ಬಿದ್ದ ಜಾಗಕ್ಕೂ ಬೀಳದ ಬಿಳಿ ಜಾಗಕ್ಕೂ ಹೊಳಪಿನಲ್ಲಿ ವ್ಯತ್ಯಾಸ ಕಾಣುತ್ತದೆ. ಕ್ಯಾನನ್ನಿನ ಕ್ರೋಮಾ ಆಪ್ಟಿಮೈಸರ್ ಎಂಬ ಬಣ್ಣವಿಲ್ಲದ ದ್ರವ ಈ ವ್ಯತ್ಯಾಸವನ್ನು ಸರಿದೂಗಿಸುತ್ತದೆ, ಪಿ900ರಲ್ಲಿ ಅಂಥದ್ದಿಲ್ಲ. ಮ್ಯಾಟ್ ಹತ್ತಿ ಕಾಗದದಲ್ಲಿ ಈ ತೊಂದರೆಯೇ ಇಲ್ಲ. ಅಲ್ಲಿ ಹೆಚ್ಚು ದಪ್ಪಕ್ಕೂ ಎಡೆ ಕೊಡುವ ಎಪ್ಸನ್ನಿನ ನೇರ ದಾರಿಯೇ ಮೇಲು.

ಬಜೆಟ್ ಕಡಿಮೆಯಿರುವವರು ಎಪ್ಸನ್ನಿನ ಆರು ಬಣ್ಣದ ಟ್ಯಾಂಕ್ ಪ್ರಿಂಟರ್ ಎಲ್8180 ಕಡೆ ನೋಡುತ್ತಾರೆ. ಶಾಯಿಯ ಖರ್ಚು ಬಹಳ ಕಡಿಮೆ, ಹಿಂಭಾಗದಲ್ಲಿ ನೇರ ದಾರಿಯೂ ಇದೆ. ಆದರೆ ಅದರ ಬಣ್ಣದ ಶಾಯಿಗಳು ಡೈ. ಕೈಗೆ ಅಭ್ಯಾಸವಾಗಲು, ಕುಟುಂಬದ ಚಿತ್ರಗಳಿಗೆ ಅದು ಒಳ್ಳೆಯದು. ಪ್ರದರ್ಶನಕ್ಕೋ ಮಾರಾಟಕ್ಕೋ ಮುದ್ರಿಸುವವರು ಪಿಗ್ಮೆಂಟ್ ಯಂತ್ರಕ್ಕೇ ಹೋಗಬೇಕು. ಚಿತ್ರಸಂತೆಯಲ್ಲಿ ಹಣ ಕೊಟ್ಟು ಕೊಂಡವರ ಗೋಡೆಯ ಮೇಲೆ ಚಿತ್ರ ಮಾಸಿದರೆ ಹೋಗುವುದು ಕಲಾವಿದನ ಹೆಸರು.

ಹೆಡ್ಡಿನ ಆರೈಕೆಯೂ ಆಯ್ಕೆಯ ಭಾಗವೇ. ಎಪ್ಸನ್ ಹೆಡ್ ವಿದ್ಯುತ್ತಿಗೆ ಬಾಗುವ ಹರಳಿನಿಂದ ಶಾಯಿ ತಳ್ಳುತ್ತದೆ. ಅದು ಯಂತ್ರದ ಶಾಶ್ವತ ಅಂಗ. ಕ್ಯಾನನ್ ಹೆಡ್ ಶಾಯಿಯನ್ನು ಕಾಯಿಸಿ ಗುಳ್ಳೆ ಎಬ್ಬಿಸಿ ಚಿಮ್ಮಿಸುತ್ತದೆ. ಪ್ರೊ-1000ರಲ್ಲಿ ಕೆಟ್ಟರೆ ನಾವೇ ಬದಲಿಸಿಕೊಳ್ಳಬಹುದು. ಅದು ಆಗಾಗ ತಾನೇ ಕ್ಲೀನಿಂಗ್ ಮಾಡಿಕೊಳ್ಳುತ್ತದೆ, ಅದಕ್ಕೆ ಶಾಯಿ ಖರ್ಚಾಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನಾಜಲ್ ಒಣಗುತ್ತದೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಕಾಗದ ತೇವ ಹೀರಿ ಡೊಂಕಾಗುತ್ತದೆ. ಯಂತ್ರಕ್ಕೆ ಹೊದಿಕೆ, ಕಾಗದಕ್ಕೆ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಚೀಲ, ವಾರಕ್ಕೊಂದಾದರೂ ಬಣ್ಣದ ಪ್ರಿಂಟ್: ಈ ಮೂರು ಪಾಲಿಸಿದರೆ ಎರಡೂ ಕಂಪನಿಯ ಯಂತ್ರಗಳು ಚೆನ್ನಾಗಿ ಬಾಳುತ್ತವೆ. ಹತ್ತಿ ಕಾಗದದಿಂದ ನಾರಿನ ಪುಡಿ ಉದುರುತ್ತದೆ. ಮುದ್ರಿಸುವ ಮೊದಲು ಮೃದುವಾದ ಬ್ರಷ್‌ನಿಂದ ಸವರಿ ಒಳಗೆ ಬಿಡಿ.

ನಮ್ಮಲ್ಲಿ ಸಿಗುವ ಚೆಂದದ ಕೈಕಾಗದವನ್ನು ನೇರವಾಗಿ ಪ್ರಿಂಟರಿಗೆ ಹಾಕುವ ಆಸೆ ಹಲವರಿಗಿದೆ. ಇಂಕ್‌ಜೆಟ್ ಲೇಪವಿಲ್ಲದ ಹಾಳೆ ಶಾಯಿಯನ್ನು ಕುಡಿದುಬಿಡುತ್ತದೆ. ಬಣ್ಣ ಮಂಕಾಗಿ, ಗೆರೆ ಹರಡಿಕೊಳ್ಳುತ್ತದೆ. ಲೇಪ ಇರುವ ಕಾಗದದಲ್ಲೂ ಅದು ಸಾಮಾನ್ಯವಾಗಿ ಒಂದೇ ಬದಿಗೆ ಇರುತ್ತದೆ. ಒದ್ದೆ ಬೆರಳನ್ನು ಮೂಲೆಗೆ ಮುಟ್ಟಿಸಿ, ಅಂಟಿದ ಹಾಗೆ ಆಗುವ ಬದಿಯೇ ಮುದ್ರಿಸುವ ಬದಿ. ಕಾಗದದ ಕಂಪನಿ ನಿಮ್ಮ ಪ್ರಿಂಟರಿಗೆಂದೇ ಮಾಡಿದ, ಬಣ್ಣ ಸರಿಹೊಂದಿಸುವ ಐಸಿಸಿ ಪ್ರೊಫೈಲನ್ನು ಉಚಿತವಾಗಿ ಕೊಡುತ್ತಿದ್ದರೆ ಅದನ್ನೇ ಹಾಕಿಕೊಳ್ಳಿ. ಬದಲಿ ಶಾಯಿ ತುಂಬಿದ ದಿನ ಆ ಪ್ರೊಫೈಲಿಗೆ ಬೆಲೆಯಿಲ್ಲ.

ನನ್ನ ತೀರ್ಪು ಇದು. ಮ್ಯಾಟ್ ಹತ್ತಿ ಕಾಗದ, ದಪ್ಪ ಬೋರ್ಡ್ ನಿಮ್ಮ ಒಲವಾದರೆ ಎಪ್ಸನ್ ಪಿ900. ಬರೈಟಾ ಮೆಚ್ಚುವವರಿಗೆ, ಗಟ್ಟಿಯಾದ ಮೇಜು ಇರುವವರಿಗೆ ಕ್ಯಾನನ್ ಪ್ರೊ-1000 ಅಥವಾ ಪ್ರೊ-1100. ತಿಂಗಳಿಗೆ ಒಂದೆರಡು ಹಾಳೆ ಮಾತ್ರ ಮುದ್ರಿಸುವವರು ಪ್ರಿಂಟರ್ ಕೊಳ್ಳಬೇಡಿ. ಆ ಹಣವನ್ನು ಒಳ್ಳೆಯ ಕಾಗದಕ್ಕೆ ಹಾಕಿ, ಪಿಗ್ಮೆಂಟ್ ಯಂತ್ರವಿರುವ ಲ್ಯಾಬಿನಲ್ಲಿ ಮುದ್ರಿಸಿಕೊಳ್ಳಿ. ಕೊಳ್ಳುವವರು ಹಣ ಕಟ್ಟುವ ಮೊದಲು ನಿಮ್ಮ ಕಾಗದದ ಎರಡು ಹಾಳೆಯನ್ನೂ ಒಂದು ಚಿತ್ರವನ್ನೂ ಜೊತೆಗೆ ಒಯ್ದು, ಮಾರುವವರ ಕೈಯಿಂದಲೇ ಮುದ್ರಿಸಿ ತೋರಿಸಲು ಹೇಳಿ. ಹಾಳೆ ಓರೆಯಾಗದೆ, ಗೀರು ಬೀಳದೆ ಹೊರಗೆ ಬಂದರೆ ಮಾತ್ರ ಕೊಳ್ಳಿ.