ಸುತ್ತುದಾರಿಯ ಒಂಟಿ ಯಾತ್ರಿಕ

ಚಕ್ರವ್ಯೂಹವೆಂದೊಡನೆ ನಮಗೆ ಅಭಿಮನ್ಯುವಿನ ನೆನಪಾಗುತ್ತದೆ. ಫ್ರಾನ್ಸಿನ ಶಾರ್ತ್ರ್ ಪ್ರಧಾನಾಲಯದ ನೆಲದಲ್ಲಿ 13ನೆಯ ಶತಮಾನದಲ್ಲಿ ಹಾಸಿದ ಸುತ್ತುದಾರಿ ಅಂಥದ್ದಲ್ಲ. 11 ಸುತ್ತು, ಸುಮಾರು 260 ಮೀಟರ್. ದಾರಿ ಒಂದೇ, ಸಿಕ್ಕಿಬೀಳುವ ಭಯವಿಲ್ಲ.

ಇದನ್ನು ಧ್ಯಾನದ ನಡಿಗೆಯಾಗಿ ಮತ್ತೆ ಬಳಕೆಗೆ ತಂದವರಲ್ಲಿ ಅಮೆರಿಕದ ಎಪಿಸ್ಕೋಪಲ್ ಸಭೆಯ ಯಾಜಕಿ ಲಾರೆನ್ ಆರ್ಟ್ರೆಸ್ ಪ್ರಮುಖರು. ಅವರ ‘ವಾಕಿಂಗ್ ಎ ಸೇಕ್ರೆಡ್ ಪಾತ್’ 1995ರಲ್ಲಿ ಪ್ರಕಟವಾಯಿತು. ನಡೆಯುವ ದೇಹವೂ ಪ್ರಾರ್ಥಿಸಬಲ್ಲದೆಂಬ ಅವರ ಅರಿವನ್ನು ನಾನು ಮನಸಾರೆ ಒಪ್ಪುತ್ತೇನೆ; ಮೊಣಕಾಲೂರಿದರೆ ನೋಯುವ ವಯಸ್ಸು ನನ್ನದು. ಆದರೆ ಸ್ವಂತ ಮನಸ್ಸಿನ ಉಪಶಮನಕ್ಕೆ ಕೃತಿ ಕೊಡುವ ಒತ್ತು ಅತಿಯಾಯಿತೆನಿಸುತ್ತದೆ. ದುಃಖದಲ್ಲಿರುವವರಿಗೆ ಮನಶ್ಶಾಂತಿಯಷ್ಟೇ ಸಾಲದು, ಜೊತೆಗೆ ನಡೆಯುವವರೂ ಬೇಕು.

ಅದೇ ಫ್ರಾನ್ಸಿನ ಓಸೇರ್ ಪ್ರಧಾನಾಲಯದಲ್ಲಿ ಪಾಸ್ಖ ಹಬ್ಬದಂದು ಗುರುಗಳು ಪುನರುತ್ಥಾನದ ಗೀತೆ ಹಾಡುತ್ತ, ಚೆಂಡೊಂದನ್ನು ಎಸೆದು ಹಿಡಿಯುತ್ತ, ಸುತ್ತುದಾರಿಯ ಮೇಲೆ ಒಟ್ಟಾಗಿ ಕುಣಿಯುತ್ತಿದ್ದರು, ಬಳಿಕ ಸಹಭೋಜನ. 1538ರಲ್ಲಿ ಅದಕ್ಕೆ ನಿಷೇಧ ಬಂತು.