ರೆಕ್ಕೆಯಲ್ಲಿ ಫಿರಂಗಿ ಇತ್ತೆ?

ನ್ಯೂಗಿನಿಯ ಕಾಡಿನಲ್ಲಿ ಎರಡನೇ ಮಹಾಯುದ್ಧದ ಜಪಾನಿ ಫೈಟರ್ ಒಂದರ ಅವಶೇಷ ಕಂಡರೆ ಜನ ಕಣ್ಣುಮುಚ್ಚಿ ‘ಝೀರೋ’ ಎಂದುಬಿಡುತ್ತಾರೆ. ಅಂದು ಅದರೊಡನೆ ಕಾದಾಡಿದ ಪೈಲಟ್‌ಗಳೇ ಹಾಗೆ ಮೋಸಹೋಗುತ್ತಿದ್ದರು, ನಮ್ಮದೇನು ಹೆಚ್ಚು! ನೌಕಾಪಡೆಯ ಝೀರೋ ಮತ್ತು ಭೂಸೇನೆಯ ಕಿ-43 ‘ಹಾಯಾಬುಸಾ’ ನೋಡಲು ಅಷ್ಟು ಹತ್ತಿರ.

ಎಂಜಿನ್ ಸಿಕ್ಕಿತೆಂದು ಹಿಗ್ಗಬೇಡಿ. ನಕಾಜಿಮಾ ಕಂಪನಿಯ 14 ಸಿಲಿಂಡರಿನ ಒಂದೇ ಎಂಜಿನ್ ನೌಕಾಪಡೆಯಲ್ಲಿ ‘ಸಕಾಯೆ’, ಭೂಸೇನೆಯಲ್ಲಿ ‘ಹಾ-25’. ನಕಾಜಿಮಾ ಹೆಸರಿನ ಫಲಕವೂ ಸಾಕ್ಷಿಯಾಗದು. ಝೀರೋವನ್ನು ರೂಪಿಸಿದ್ದು ಮಿತ್ಸುಬಿಷಿಯಾದರೂ ಅರ್ಧಕ್ಕಿಂತ ಹೆಚ್ಚು ಝೀರೋಗಳು ಹೊರಬಂದದ್ದು ನಕಾಜಿಮಾ ಕಾರ್ಖಾನೆಯಿಂದ.

ನಾನು ಮೊದಲು ನೋಡುವುದು ರೆಕ್ಕೆ. ಝೀರೋದ ರೆಕ್ಕೆಯೊಳಗೆ ಉದ್ದಕ್ಕೂ ಎರಡು ತೊಲೆ, ಒಂದೊಂದು ರೆಕ್ಕೆಯಲ್ಲೂ 20 ಮಿ.ಮೀ. ಫಿರಂಗಿ. ಹಾಯಾಬುಸಾದ್ದು ಮೂರು ತೊಲೆ. ಆ ಕಟ್ಟಿನಲ್ಲಿ ಬಂದೂಕಿಗೆ ಜಾಗವೇ ಉಳಿಯಲಿಲ್ಲ, ಇದ್ದೆರಡೂ ಮೂಗಿನ ಮೇಲೆ. ಬಂದೂಕನ್ನು ಯಾರಾದರೂ ಹೊತ್ತೊಯ್ದಿರಬಹುದು, ತೊಲೆಯನ್ನು ಹೊತ್ತೊಯ್ಯುವವರು ಕಡಿಮೆ.

ಮೂಗಷ್ಟೇ ಸಿಕ್ಕಿದರೆ? ಅಲ್ಲಿ 12.7 ಮಿ.ಮೀ. ಹೋ-103 ಇದ್ದರೆ ಅದು ಭೂಸೇನೆಯ ವಿಮಾನ, ಮಾತು ಮುಗಿಯಿತು. 7.7 ಮಿ.ಮೀ. ಇದ್ದರೆ ತಲೆನೋವು, ಏಕೆಂದರೆ ಮೊದಮೊದಲ ಹಾಯಾಬುಸಾಗಳಲ್ಲೂ ಅದೇ ಅಳತೆ. ಎರಡೂ ಪಡೆಗಳ ಬಂದೂಕುಗಳು ಬ್ರಿಟಿಷ್ ವಿಕರ್ಸ್‌ನ ಸಂತಾನ. ಆಗ ಕಾಡತೂಸನ್ನು ಅಳೆಯಬೇಕು. ನೌಕಾಪಡೆಯದರ ಕವಚ 56 ಮಿ.ಮೀ. ಉದ್ದ, ಬುಡದ ಅಂಚು ಚೆನ್ನಾಗಿ ಹೊರಚಾಚಿರುತ್ತದೆ. ಭೂಸೇನೆಯದು 58, ಅಂಚು ತುಸುವೇ. ಆದರೆ ನೌಕಾಪಡೆಯ ಈ ಕಾಡತೂಸು ಬ್ರಿಟಿಷರ .303ರದೇ ಅಳತೆ, ಅದೇ ಕಾಡಿನಲ್ಲಿ ಆಸ್ಟ್ರೇಲಿಯದ ಸಿಪಾಯಿಗಳು ಹಾರಿಸುತ್ತಿದ್ದದ್ದೂ .303! ಹಾಗಾಗಿ ಸುತ್ತ ನೆಲದಲ್ಲಿ ಹೆಕ್ಕಿದ ಖಾಲಿ ಕವಚಕ್ಕೆ ನಾನು ಬೆಲೆ ಕೊಡುವುದಿಲ್ಲ. ವಿಮಾನದ ಮದ್ದುಪೆಟ್ಟಿಗೆಯೊಳಗೇ ಕಚ್ಚಿಕೊಂಡಿದ್ದರೆ ಮಾತ್ರ ಲೆಕ್ಕ.

ಝೀರೋ ಎಂದು ಖಚಿತವಾದ ಮೇಲೆ ನಿಜವಾದ ರುಚಿ. ಫಿರಂಗಿಯ ಡ್ರಮ್ಮು 60 ಗುಂಡಿನದಾದರೆ ಆರಂಭದ ಮಾದರಿ 21 ಎಂದು ನನ್ನ ಊಹೆ ಓಡುತ್ತದೆ. 100ರದು ಆಮೇಲೆ ಬಂದದ್ದು. ಡ್ರಮ್ಮೇ ಇಲ್ಲದೆ ಗುಂಡಿನ ಪಟ್ಟಿ ಹಾಯುವ ದಾರಿ ಕಂಡರೆ ಮಾದರಿ 52ರ ‘ಕೋ’ ಅಥವಾ ಅದರ ನಂತರದ್ದು. ಮೂಗಿನ ಎರಡು ಬಂದೂಕುಗಳಲ್ಲಿ ಬಲಗಡೆಯದಷ್ಟೇ ದಪ್ಪಗೆ, 13.2 ಮಿ.ಮೀ. ಇದ್ದರೆ ‘ಓತ್ಸು’.